ಎರಡು ಫೈನಲ್‌ನ ಭಾನುವಾರ: ಮೈಸೂರು, ಮಂಡ್ಯ ಸುತ್ತಾಟ

2024ರ ಜುಲೈ ಎರಡನೇ ವಾರ ಆಟದ ಹುಚ್ಚಿರುವವರಿಗೆ ಹಬ್ಬವೇ ಸರಿ. 14ನೇ ತಾರೀಕು ಭಾನುವಾರ ಸಂಜೆ ವಿಂಬಲ್ಡನ್ ಟೆನಿಸ್‌ನ ಪುರುಷರ ಫೈನಲ್, ಅದೇ ರಾತ್ರಿ ಫುಟ್‌ಬಾಲ್‌ನ ಯೂರೋ ಕಪ್ ಫೈನಲ್, ಸೋಮವಾರ ಬೆಳಗ್ಗೆ ದಕ್ಷಿಣ ಅಮೆರಿಕದ ಫುಟ್‌ಬಾಲ್ ಕಪ್ ಕೋಪಾ ಅಮೆರಿಕದ ಫೈನಲ್. ಇದನ್ನೆಲ್ಲ ಶಿವಮೊಗ್ಗದ ರೂಮಿನಲ್ಲಿ ಒಬ್ಬನೇ ಕೂತು ನೋಡಲು ಮನಸ್ಸಾಗಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಚಿಕ್ಕಪ್ಪನ ಮನೆ ಇದೆ. ಮಂಡ್ಯದ ಹತ್ತಿರ ಹಳ್ಳಿಯಲ್ಲಿ ಕಾಲೇಜಿನ ಗೆಳೆಯ ಇದ್ದಾನೆ. ಎರಡೂ ಊರಿನ ಟೆನಿಸ್ ಕೋರ್ಟ್‌ಗಳಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳು ನಡೆದಿವೆ, ಹೊರದೇಶದ ಹುಡುಗರು ಬಂದು ಆಡಿ ಹೋಗಿದ್ದಾರೆ. ಟಿವಿಯಲ್ಲಿ ಫೈನಲ್ ನೋಡುವ ಹೊತ್ತಿನಲ್ಲೇ ಆ ಕೋರ್ಟ್‌ಗಳನ್ನೂ ಕಣ್ಣಾರೆ ನೋಡಿ ಬರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ರಜೆ ಹಾಕಿ ರೈಲು ಹತ್ತಿದೆ.

ಶುಕ್ರವಾರ

ಮೈಸೂರಿನಲ್ಲಿ ಇಳಿದಾಗ ಸಣ್ಣ ಮಳೆ, ಜೊತೆಗೆ ಆಷಾಢದ ಗಾಳಿ. ಅವತ್ತು ಮೊದಲ ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೊರಟ ಜನ ನಸುಕಿನಿಂದಲೇ ರಸ್ತೆ ತುಂಬಿದ್ದರು. ಅಂಥ ದಿನ ಸ್ವಂತ ಗಾಡಿಯನ್ನು ಬೆಟ್ಟದ ಮೇಲೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಮೈದಾನದಲ್ಲಿ ನಿಲ್ಲಿಸಿ ಬಸ್ಸು ಹತ್ತಬೇಕು, ಇಲ್ಲದಿದ್ದರೆ ಮೆಟ್ಟಿಲು ಹತ್ತಬೇಕು. ಸುಮ್ನೆ ಊರು ಸುತ್ತಲು ಬರುವವರು ಆಷಾಢದ ಶುಕ್ರವಾರ ಬಿಟ್ಟು ಬರುವುದು ಒಳ್ಳೆಯದು. ಆಟೋ ಅಣ್ಣ ಮಾತ್ರ ಬಹಳ ಖುಷಿಯಲ್ಲಿದ್ದರು. "ಇವತ್ತು ತಾಯಿ ದುಡಿಮೆ ಕೊಡೋ ದಿನ ಸಾರ್" ಅಂದರು.

ನಾನು ನೇರ ನಜರ್‌ಬಾದ್‌ಗೆ ಹೋಗಿ ಮೈಲಾರಿ ದೋಸೆ ತಿಂದೆ. ಅದೇ ಹೆಸರಿನ ಹೋಟೆಲುಗಳು ಅಲ್ಲಿ ಹತ್ತಿರ ಹತ್ತಿರವೇ ಇವೆ. ಯಾವುದು ಹಳೆಯದು ಅಂತ ಮೈಸೂರಿನವರನ್ನು ಕೇಳಿದರೆ ಅರ್ಧ ಗಂಟೆ ಹೋಗುತ್ತದೆ, ಹಸಿವಾಗಿದ್ದರೆ ಕೇಳಬೇಡಿ. ಮೆತ್ತನೆಯ ದೋಸೆ, ಒಳಗೆ ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ. ಒಂದರಲ್ಲಿ ಎದ್ದು ಬಂದವರನ್ನು ನಾನು ನೋಡಿಲ್ಲ.

ಚಾಮುಂಡಿ ವಿಹಾರ ಕ್ರೀಡಾಂಗಣ ನಜರ್‌ಬಾದ್‌ನಲ್ಲೇ ಇದೆ. ಮೈಸೂರು ಟೆನಿಸ್ ಕ್ಲಬ್ ಕೂಡ ಆ ಕಡೆಯೇ. ಗೇಟಿನಲ್ಲಿ ನಿಂತು, ದೂರದಿಂದ ಬಂದಿದ್ದೇನೆ, ಸ್ವಲ್ಪ ಹೊತ್ತು ನೋಡಿ ಹೋಗುತ್ತೇನೆ ಅಂದೆ. ಬಿಟ್ಟರು. ಮಳೆ ನಿಂತಿತ್ತು. ಒಬ್ಬ ಮಾರ್ಕರ್, ಅಂದರೆ ಕೋರ್ಟ್ ನೋಡಿಕೊಳ್ಳುವ ಕ್ಲಬ್ಬಿನ ಕೆಲಸದವರು, ಸ್ಪಂಜಿನ ರೋಲರ್ ತಳ್ಳುತ್ತಾ ಕೋರ್ಟಿನ ನೀರು ತೆಗೆಯುತ್ತಿದ್ದರು. ರೋಲರ್ ಹೋದ ಮೇಲೆ ಸಣ್ಣ ಹುಡುಗನೊಬ್ಬ ಹಳೇ ಟವಲ್ ಹಿಡಿದು ಬಿಳಿ ಗೆರೆಗಳನ್ನು ಮಾತ್ರ ಒರೆಸಿಕೊಂಡು ಬರುತ್ತಿದ್ದ. ಮೊಣಕಾಲೂರಿ ಕೂತು, ಒರೆಸಿ, ಅಂಗೈ ಒತ್ತಿ ನೋಡಿ, ಒಂದು ಗೇಣು ಮುಂದೆ ಸರಿಯುವುದು. ಗೆರೆ ಮಾತ್ರ ಯಾಕೆ ಅಂತ ಕೇಳಿದೆ.

"ಪೇಂಟ್ ಮೇಲೆ ಪೇಂಟ್ ಅಲ್ವಾ ಸಾರ್. ಕೋರ್ಟ್ ಒಣಗಿದರೂ ಗೆರೆ ಜಾರುತ್ತೆ. ಓಡ್ತಾ ಬಂದು ಗೆರೆ ಮೇಲೆ ಕಾಲಿಟ್ಟರೆ ಮಂಡಿ ಹೋಯ್ತು ಅಂತಲೇ ಲೆಕ್ಕ" ಅಂದರು ಮಾರ್ಕರ್.

ಇಷ್ಟು ವರ್ಷ ಟೆನಿಸ್ ನೋಡಿದ್ದೇನೆ, ಈ ವಿಷಯ ಯಾವ ಕಾಮೆಂಟರಿಯಲ್ಲೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ. ಐಟಿಎಫ್ ಟೂರ್ನಿ ನಡೆದಾಗಿನ ಕಥೆ ಹೇಳಿದರು. ಬಂದ ಹುಡುಗರಿಗೆ ಕೋಚ್ ಇರುವುದಿಲ್ಲವಂತೆ, ಒಬ್ಬೊಬ್ಬರೇ ಎರಡು ಬ್ಯಾಗ್ ಹೊತ್ತು ಬರುತ್ತಾರಂತೆ. ರಾಕೆಟ್ಟಿಗೆ ಗಟ್ (ಬಲೆಯ ದಾರ) ಹಾಕುವವರು ಯಾರು, ಬಟ್ಟೆ ಒಗೆಯುವವರು ಎಲ್ಲಿ ಸಿಗುತ್ತಾರೆ, ಖಾರ ಇಲ್ಲದ ಊಟ ಎಲ್ಲಿ, ಇವೇ ಅವರ ಮೊದಲ ಪ್ರಶ್ನೆಗಳು. ಸೋತರೆ ಅವತ್ತೇ ರಾತ್ರಿ ಬೇರೆ ಊರಿಗೆ ಬಸ್ಸು.

ಟೆನಿಸ್‌ನ ಈ ಕೆಳಹಂತದ ಲೆಕ್ಕ ಗೊತ್ತಿದ್ದರೆ ವಿಂಬಲ್ಡನ್ ನೋಡುವ ರೀತಿಯೇ ಬೇರೆಯಾಗುತ್ತದೆ. 2024ರಲ್ಲಿ ಐಟಿಎಫ್‌ನ ಎಂ15 ಅನ್ನುವ ಟೂರ್ನಿಯಲ್ಲಿ ಒಟ್ಟು ಬಹುಮಾನ 15 ಸಾವಿರ ಡಾಲರ್. ವಾರವಿಡೀ ಆಡಿ ಸಿಂಗಲ್ಸ್ ಗೆದ್ದವನಿಗೆ ಸಿಗುತ್ತಿದ್ದುದು 2,160 ಡಾಲರ್ ಮತ್ತು 15 ರ‍್ಯಾಂಕಿಂಗ್ ಅಂಕ. ವಿಂಬಲ್ಡನ್ ಗೆದ್ದರೆ 2,000 ಅಂಕ. ಆ ವರ್ಷ ಅಲ್ಲಿ ಸಿಂಗಲ್ಸ್ ಗೆದ್ದವರಿಗೆ 27 ಲಕ್ಷ ಪೌಂಡ್, ಮೊದಲ ಸುತ್ತಿನಲ್ಲೇ ಸೋತವರಿಗೂ 60 ಸಾವಿರ ಪೌಂಡ್. ಅಂದರೆ ಲಂಡನ್ನಿನಲ್ಲಿ ಒಂದೇ ಪಂದ್ಯ ಆಡಿ ಸೋತವನು ಸುಮಾರು 64 ಲಕ್ಷ ರೂಪಾಯಿ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಇಲ್ಲಿ ವಾರಪೂರ್ತಿ ಗೆದ್ದವನಿಗೆ ಎರಡು ಲಕ್ಷವೂ ಮುಟ್ಟುತ್ತಿರಲಿಲ್ಲ. ವಿಮಾನದ ಟಿಕೆಟ್ಟು, ರೂಮು, ಊಟ ಎಲ್ಲ ಅದರಲ್ಲೇ. ಹಾಗಿದ್ದೂ ಬರುತ್ತಾರಲ್ಲ, ನನಗೆ ಅವರ ಮೇಲೆ ತುಂಬ ಗೌರವ. ಮೈಸೂರಿನ ಎಸ್.ಡಿ. ಪ್ರಜ್ವಲ್ ದೇವ್ ಇಂಥ ಟೂರ್ನಿಗಳಲ್ಲೇ ಬೆಳೆದು ಭಾರತದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದವರು. ಅವರ ಹೆಸರು ತೆಗೆದ ಕೂಡಲೇ ಮಾರ್ಕರ್ ಮುಖ ಅರಳಿತು. "ನಮ್ಮ ಹುಡುಗ" ಅಂದರು, ಅಷ್ಟೇ.

ಸಂಜೆ ಚಿಕ್ಕಪ್ಪನ ಮನೆಯಲ್ಲಿ ಸೆಮಿಫೈನಲ್. ಆಲ್ಕರಾಝ್ ಮತ್ತು ಮೆಡ್ವೆಡೆವ್ ಮೊದಲ ಸೆಟ್ ಆಡುವಾಗ ಮಳೆ ಜೋರಾಗಿ ಕರೆಂಟು ಹೋಯಿತು. ಬರುವಷ್ಟರಲ್ಲಿ ಮೆಡ್ವೆಡೆವ್ ಟೈಬ್ರೇಕರ್‌ನಲ್ಲಿ ಆ ಸೆಟ್ ಗೆದ್ದಾಗಿತ್ತು. ಆಮೇಲಿನ ಮೂರು ಸೆಟ್ ಆಲ್ಕರಾಝ್‌ದು. ಎರಡನೇ ಪಂದ್ಯದಲ್ಲಿ ಜೊಕೊವಿಚ್ ಇಟಲಿಯ ಮುಸೆಟ್ಟಿಯನ್ನು ಮೂರೇ ಸೆಟ್‌ನಲ್ಲಿ ಮುಗಿಸಿದರು. ಜೂನ್‌ನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡ 37ರ ಮನುಷ್ಯ ಜುಲೈನಲ್ಲಿ ವಿಂಬಲ್ಡನ್ ಫೈನಲ್ ತಲುಪುತ್ತಾರೆ ಅಂದರೆ! ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಚಿಕ್ಕಪ್ಪ ಟಿವಿಯಲ್ಲಿ ಆ ಬೂದು ಬಣ್ಣದ ಮಂಡಿಪಟ್ಟಿಯನ್ನೇ ನೋಡುತ್ತಿದ್ದರು. "ಅದು ಎಲ್ಲಿ ಸಿಗುತ್ತೆ ವಿಚಾರಿಸು ಮಗಾ" ಅಂದರು.

ಶನಿವಾರ

ಬೆಳಗ್ಗೆ ನಡೆದುಕೊಂಡೇ ಮಹಾರಾಜ ಕಾಲೇಜು ಮೈದಾನಕ್ಕೆ ಹೋದೆ. ಮೈಸೂರಿನಲ್ಲಿ ನನಗೆ ಬಹಳ ಇಷ್ಟವಾಗುವುದು ಈ ಬಯಲುಗಳು. ಊರಿನ ನಡುವೆ ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಅದು ಸಣ್ಣ ವಿಷಯ ಅಲ್ಲ. ಒಂದೇ ಮೈದಾನದಲ್ಲಿ ನಾಲ್ಕೈದು ಆಟ ಒಟ್ಟಿಗೆ ನಡೆಯುತ್ತಿರುತ್ತದೆ. ಒಬ್ಬರ ಲಾಂಗ್ ಆನ್ ಇನ್ನೊಬ್ಬರ ಸ್ಲಿಪ್. ಅದರ ನಡುವೆ ಫುಟ್‌ಬಾಲ್ ಆಡುವ ಹುಡುಗರು ಎರಡೆರಡು ಜೊತೆ ಚಪ್ಪಲಿ ಇಟ್ಟು ಗೋಲು ಮಾಡಿಕೊಂಡಿದ್ದರು. ಕೆಸರು ಮೊಣಕಾಲಿನವರೆಗೆ. ಚೆಂಡು ನೀರಿನ ಗುಂಡಿಯಲ್ಲಿ ನಿಂತುಬಿಟ್ಟರೆ ಐದಾರು ಜನ ಒಟ್ಟಿಗೆ ಹಾರುವುದು, ಏಳುವಾಗ ಯಾರ ಟೀಮು ಯಾವುದು ಅಂತ ತಿಳಿಯದಿರುವುದು. ಒಬ್ಬನ ಬೆನ್ನ ಮೇಲೆ ಛೆಟ್ರಿ 11 ಅಂತ ಬರೆದಿತ್ತು. ಸುನಿಲ್ ಛೆಟ್ರಿ ಹಿಂದಿನ ತಿಂಗಳಷ್ಟೇ, ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದ್ದರು. ಅಲ್ಲಿಯವರೆಗೆ 94 ಗೋಲು. ಆ ಪಂದ್ಯ ಗೋಲಿಲ್ಲದೆ ಡ್ರಾ ಆದಾಗ ನನಗೆ ಊಟ ಸೇರಿರಲಿಲ್ಲ. ಹುಡುಗನಿಗೆ ಅದರ ಚಿಂತೆ ಇಲ್ಲ. "ನಮ್ಮ ಬೆಂಗಳೂರು ಎಫ್‌ಸಿಗೆ ಇನ್ನೂ ಆಡ್ತಾರೆ ಅಂಕಲ್" ಅಂತ ನನಗೇ ಸಮಾಧಾನ ಹೇಳಿದ.

ಮರದ ಕೆಳಗೆ ವಾಕಿಂಗ್ ಮುಗಿಸಿ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಚಿಕ್ಕ ವಯಸ್ಸಿನಲ್ಲಿ ಕಾರ್ಖಾನೆಯೊಂದರ ತಂಡಕ್ಕೆ ಹಾಫ್ ಬ್ಯಾಕ್ ಆಡಿದವರಂತೆ. ಕಾಲು ಇನ್ನೂ ಗಟ್ಟಿ. ಕೆಸರಿನಲ್ಲಿ ಬೂಟು ಹಾಕಿದವನಿಗಿಂತ ಬರಿಗಾಲಿನವನೇ ಚೆನ್ನಾಗಿ ತಿರುಗುತ್ತಾನೆ ಅಂದರು. ಅಲ್ಲಿಂದ ಮಾತು 1948ಕ್ಕೆ ಹೋಯಿತು. ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು, 2-1ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಅದು.

"ಮೈಸೂರು ಅನ್ನೋ ಹೆಸರಲ್ಲಿ ಸಂತೋಷ್ ಟ್ರೋಫಿ ನಾಲ್ಕು ಸಲ ಬಂದಿದೆ, ಗೊತ್ತಾ?" ಅಂತ ಕೇಳಿದರು. ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್ ಅದು. ಗೊತ್ತಿತ್ತು, ಆದರೂ ಅವರ ಬಾಯಲ್ಲಿ ಕೇಳೋಣ ಅಂತ ಸುಮ್ಮನಿದ್ದೆ. 1946-47, 1952-53, ಆಮೇಲೆ 1967-68 ಮತ್ತು 1968-69 ಸಾಲಾಗಿ ಎರಡು. ಕೊನೆಯ ಎರಡರ ಸುದ್ದಿಯನ್ನು ಅವರು ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ್ದರಂತೆ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು, ಕಪ್ ಮಾತ್ರ ಮತ್ತೆ ಬರಲು 2023 ಆಗಬೇಕಾಯಿತು. ಮಾರ್ಚ್ 4ರಂದು, ಅದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3-2. ನಡುವೆ 54 ವರ್ಷ. "ಅವತ್ತು ನಾನು ಮನೇಲಿ ಪಾಯಸ ಮಾಡಿಸಿದೆ. ಯಾಕೆ ಅಂತ ಸೊಸೆಗೆ ಅರ್ಥವೇ ಆಗಲಿಲ್ಲ" ಅಂದರು. ನನಗಂತೂ ಪೂರ್ತಿ ಅರ್ಥವಾಯಿತು.

ಮಧ್ಯಾಹ್ನ ಚಿಕ್ಕಪ್ಪನ ಸ್ಕೂಟರ್ ತೆಗೆದುಕೊಂಡು ಕೆಆರ್‌ಎಸ್ ಕಡೆ ಹೋದೆ. ಕೊಡಗಿನಲ್ಲಿ ಮಳೆ ಚೆನ್ನಾಗಿ ಹಿಡಿದಿತ್ತು, ಅಣೆಕಟ್ಟೆಗೆ ನೀರು ದಿನದಿನಕ್ಕೂ ಏರುತ್ತಿತ್ತು. ಹಿಂದಿನ ವರ್ಷದ ಬರ ನೋಡಿದ್ದವರಿಗೆ ಇದೇ ದೊಡ್ಡ ಸುದ್ದಿ. ದಾರಿಯುದ್ದಕ್ಕೂ ಟೀ ಅಂಗಡಿಗಳಲ್ಲಿ ಮಾತೆಲ್ಲ ಅಡಿ ಲೆಕ್ಕದಲ್ಲಿ. ಪೂರ್ತಿ ತುಂಬಿದರೆ 124.80 ಅಡಿ, ಆ ಸಂಖ್ಯೆ ಇಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಹತ್ತಿರದಲ್ಲೇ ಬಾಣಲೆಯಿಂದ ಆಗಷ್ಟೇ ತೆಗೆದ ಮೀನು ತಿಂದೆ. ಖಾರ ಜಾಸ್ತಿ, ನಿಂಬೆಹಣ್ಣು ಕೇಳಿ ತೆಗೆದುಕೊಳ್ಳಿ.

ಸಂಜೆ ಮಹಿಳೆಯರ ಫೈನಲ್. ಚಿಕ್ಕಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಪಕ್ಕದಲ್ಲಿ ಕೂತರು. ಅವರಿಗೆ ಕೊಡಗಿನ ರೋಹನ್ ಬೋಪಣ್ಣ ಬಿಟ್ಟರೆ ಬೇರೆ ಟೆನಿಸ್ ಆಟಗಾರರು ಗೊತ್ತಿಲ್ಲ. ಬೋಪಣ್ಣ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದನ್ನು ಮಾತ್ರ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಇವತ್ತು ಒಂದು ಕಡೆ ಇಟಲಿಯ ಪಾವೊಲಿನಿ, ಇನ್ನೊಂದು ಕಡೆ ಝೆಕ್ ದೇಶದ ಬಾರ್ಬೊರಾ ಕ್ರೆಜ್ಸಿಕೋವಾ. 6-2, 2-6, 6-4ರಲ್ಲಿ ಕ್ರೆಜ್ಸಿಕೋವಾ ಗೆದ್ದರು. ಪಾವೊಲಿನಿ ಕುಳ್ಳಗೆ, ನಗುನಗುತ್ತಾ ಆಡುವ ಹುಡುಗಿ. ಚಿಕ್ಕಮ್ಮ ಅವಳ ಪಕ್ಷ. ಸೋತಾಗ ಬೇಜಾರಾಯಿತು.

ಕಪ್ ಕೊಟ್ಟ ಮೇಲೆ ಗೆದ್ದವರ ಹೆಸರಿನ ಹಲಗೆ ತೋರಿಸಿದರು. 1998ರಲ್ಲಿ ಗೆದ್ದ ಯಾನಾ ನೊವೊಟ್ನಾ ಹೆಸರಿರುವ ಹಲಗೆಯಲ್ಲೇ ತನ್ನ ಹೆಸರನ್ನೂ ನೋಡಿ ಕ್ರೆಜ್ಸಿಕೋವಾ ಅತ್ತುಬಿಟ್ಟರು. ಗೆದ್ದವಳು ಯಾಕೆ ಅಳುತ್ತಾಳೆ ಅಂತ ಚಿಕ್ಕಮ್ಮ ಕೇಳಿದರು. ಹೇಳಿದೆ. ಹದಿನೆಂಟರ ವಯಸ್ಸಿನಲ್ಲಿ ಮುಂದೇನು ಅಂತ ತಿಳಿಯದೆ, ಕೈಯಲ್ಲೊಂದು ಪತ್ರ ಹಿಡಿದು ಈ ಹುಡುಗಿ ನೊವೊಟ್ನಾ ಮನೆ ಬಾಗಿಲು ತಟ್ಟಿದ್ದಳು. ನೊವೊಟ್ನಾ ಒಳಗೆ ಕರೆದು ಆಟ ಹೇಳಿಕೊಟ್ಟರು. 2017ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿಕ್ಕಮ್ಮ ಮಡಿಲಲ್ಲಿದ್ದ ಮೊರ ಕೆಳಗಿಟ್ಟರು. "ಹಾಗಾದ್ರೆ ಇವಳೇ ಗೆದ್ದದ್ದು ಸರಿ ಬಿಡು" ಅಂದರು.

ಭಾನುವಾರ

ಮೈಸೂರಿನಿಂದ ಮಂಡ್ಯಕ್ಕೆ 45 ಕಿಲೋಮೀಟರ್ ಅಷ್ಟೇ. ರೈಲಿನಲ್ಲಿ ಹೋದರೆ ಸುಲಭ. ನಾನು ಸ್ಕೂಟರ್‌ನಲ್ಲಿ ಹೊರಟೆ, ದಾರಿಯಲ್ಲಿ ನಿಂತು ನಿಂತು ಹೋಗುವ ಆಸೆ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬಿಡುವುದಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಿಧಾನ ಆಗುತ್ತದೆ, ಆದರೆ ಊರುಗಳು ಸಿಗುತ್ತವೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಗಾಡಿ ನಿಲ್ಲಿಸಿದೆ. ಕೆಂಪಗಿನ ಕಾವೇರಿ, ಬಂಡೆಗಳ ಸುತ್ತ ಸುಳಿ. ನಿಂತವರೆಲ್ಲ ನದಿಯನ್ನೇ ನೋಡುತ್ತಿದ್ದರು. ಹಿಂದಿನ ವರ್ಷ ಇದೇ ಹೊಳೆಯ ನೀರಿಗಾಗಿ ಮಂಡ್ಯದಲ್ಲಿ ಬಂದ್ ಆಗಿತ್ತು.

ಬಾಬುರಾಯನಕೊಪ್ಪಲು ದಾಟುವ ಮೊದಲೇ ಹಿಂದಿನ ಚಕ್ರ ಪಂಕ್ಚರ್. ಅದೇ ಹೊತ್ತಿಗೆ ಮಳೆ. ತಳ್ಳಿಕೊಂಡು ಹೋಗಿ ಒಂದು ತಗಡಿನ ಶೆಡ್ಡಿನ ಕೆಳಗೆ ನಿಂತೆ. ಪುಣ್ಯಕ್ಕೆ ಅದೇ ಪಂಕ್ಚರ್ ಅಂಗಡಿ. ಟೈರಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುವ ಜಾಗ ಹುಡುಕಿದರು. ಇಕ್ಕಳದಲ್ಲಿ ಮೊಳೆ ಎಳೆದು, ಅಂಟು ಹಚ್ಚಿದ ದಾರವನ್ನು ತೂತಿನೊಳಗೆ ತುರುಕಿ, ಮೇಲೆ ಉಳಿದದ್ದನ್ನು ಬ್ಲೇಡಿನಲ್ಲಿ ಕೊಯ್ದರು. ಪಕ್ಕದ ಬೇಕರಿ ಹುಡುಗ ಟೀ ತಂದುಕೊಟ್ಟ. ಮಲಪ್ಪುರಂ ಕಡೆಯವನು. ಅವನ ಮೊಬೈಲಿನ ಹಿಂದೆ ಮೆಸ್ಸಿ ಚಿತ್ರ. ನಾಳೆ ಬೆಳಗ್ಗೆ ಫೈನಲ್ ಅಲ್ವಾ ಅಂತ ನಾನು ಕೇಳಿದ್ದೇ ತಡ, ಕನ್ನಡ, ಮಲಯಾಳಂ ಎರಡೂ ಬೆರೆಸಿ ಶುರುಮಾಡಿದ. ಅರ್ಜೆಂಟೀನಾದ ಡಿ ಮರಿಯಾಗೆ ದೇಶಕ್ಕಾಗಿ ಇದೇ ಕೊನೇ ಪಂದ್ಯ, ಅವನಿಗಾಗಿ ಗೆಲ್ಲಲೇಬೇಕು ಅಂತ ವಾದ. ಮಂಡ್ಯದಲ್ಲಿ ಅವನ ಅಣ್ಣನದೂ ಬೇಕರಿ ಇದೆ. "ನಾಳೆ ಅಲ್ಲಿ ಬನ್ನಿ, ನಾವೆಲ್ಲ ಸೇರ್ತೀವಿ" ಅಂತ ಬಸ್ ಸ್ಟ್ಯಾಂಡಿನಿಂದ ದಾರಿ ಹೇಳಿದ. ಮಳೆ ನಿಂತರೂ ಹೊರಡಲು ಮನಸ್ಸಿಲ್ಲದೆ ಇನ್ನೊಂದು ಟೀ ಕುಡಿದೆ.

ಮಂಡ್ಯ ಪೇಟೆಯಲ್ಲಿ ಊಟಕ್ಕೆ ನಿಂತೆ. ಮುದ್ದೆ, ಸೊಪ್ಪಿನ ಬಸ್ಸಾರು, ಪಲ್ಯ, ಕೊನೆಗೆ ಅನ್ನ ಮಜ್ಜಿಗೆ. ಎರಡನೇ ಮುದ್ದೆ ಬೇಡ ಅಂದರೆ ಬಡಿಸುವವರಿಗೆ ನಿಜವಾಗಿ ನೋವಾಗುತ್ತದೆ, ಹಾಗಾಗಿ ಮೊದಲನೆಯದನ್ನು ನಿಧಾನವಾಗಿ ಉಣ್ಣಿ. ಪೀಪಲ್ಸ್ ಎಜುಕೇಷನ್ ಟ್ರಸ್ಟಿನ (ಪಿಇಟಿ) ಟೆನಿಸ್ ಕೋರ್ಟ್ ನೋಡಬೇಕೆಂದು ಹೋದರೆ ಮಳೆನೀರು ನಿಂತಿತ್ತು, ಯಾರೂ ಇರಲಿಲ್ಲ. ನಾಳೆ ಸಂಜೆ ಬರೋಣ ಅಂತ ಬಸರಾಳು ರಸ್ತೆ ಹಿಡಿದೆ. ಎರಡೂ ಕಡೆ ಕಬ್ಬು. ಗಾಳಿ ಬಂದರೆ ಗರಿಗಳ ಸದ್ದು ಸ್ಕೂಟರಿನ ಸದ್ದನ್ನೂ ಮುಚ್ಚುತ್ತದೆ.

ಗೆಳೆಯನ ಮನೆ ತಲುಪಿದಾಗ ಅವನ ತಾಯಿ ಹಸುವಿಗೆ ಬೂಸಾ ಕಲಸುತ್ತಿದ್ದರು. "ನೆಂದೋಗಿದ್ದೀಯಲ್ಲ ಮಗ, ಒಳಿಕ್ ಬಾ, ತಲೆ ಒರಸ್ಕೋ" ಅಂದರು. ಸಂಜೆ ಆರೂವರೆಗೆ ಟಿವಿ ಮುಂದೆ ಎಲ್ಲರೂ ಸೇರಿದೆವು. ಗೆಳೆಯನ ಅಪ್ಪನಿಗೆ ಟೆನಿಸ್ ಹೊಸದು. ಅಂಕ 15, 30, 40 ಅಂತ ಏಕೆ ಏರುತ್ತದೆ ಅಂತ ಕೇಳಿದರು. ತೃಪ್ತಿಯಾಗುವ ಉತ್ತರ ನನ್ನ ಹತ್ತಿರ ಇರಲಿಲ್ಲ, ಆದರೆ ಎರಡನೇ ಸೆಟ್ ಹೊತ್ತಿಗೆ ಅವರೇ ಸರಿಯಾಗಿ ಲೆಕ್ಕ ಹಿಡಿದಿದ್ದರು. ಆಲ್ಕರಾಝ್ ಹಿಂದೆ ನಿಂತು ಜೋರಾಗಿ ಹೊಡೆಯುವ ಹಾಗೆ ಕೈ ಎತ್ತಿ, ಕೊನೇ ಗಳಿಗೆಯಲ್ಲಿ ನೆಟ್ ಪಕ್ಕಕ್ಕೇ ಮೆಲ್ಲಗೆ ಬೀಳಿಸುವ ಡ್ರಾಪ್ ಶಾಟ್ ಅವರಿಗೆ ಬಹಳ ಹಿಡಿಸಿತು. "ತಟ್ಟೆಗೆ ಮುದ್ದೆ ಬಿದ್ದಂಗೆ ಬಿತ್ತಲ್ಲೋ, ಮೇಲಕ್ಕೆ ಏಳನೇ ಇಲ್ಲ" ಅಂದರು. ವಿಂಬಲ್ಡನ್ ಹುಲ್ಲನ್ನು ಎಂಟೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ, ಅದರ ಮೇಲೆ ಚೆಂಡು ತಗ್ಗಾಗಿಯೇ ಹೋಗುತ್ತದೆ ಅಂತ ಹೇಳಿದೆ. ಅಷ್ಟು ಹುಲ್ಲಿದ್ದರೆ ಹಸು ಮೂಸಿಯೂ ನೋಡಲ್ಲ ಅಂತ ಅವ್ವ ಒಳಗಿನಿಂದ ಹೇಳಿದರು.

ಮೊದಲ ಎರಡು ಸೆಟ್ ಆಲ್ಕರಾಝ್‌ಗೆ, 6-2, 6-2. ಜೊಕೊವಿಚ್‌ರನ್ನು ಹೀಗೆ ಕಟ್ಟಿಹಾಕಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಹಿಂದಿನ ವರ್ಷದ ಫೈನಲ್‌ನಲ್ಲಿ ಇದೇ ಇಬ್ಬರು ಐದು ಸೆಟ್, ನಾಲ್ಕೂ ಮುಕ್ಕಾಲು ಗಂಟೆ ಆಡಿದ್ದರು. ಮೂರನೇ ಸೆಟ್‌ನಲ್ಲಿ 5-4, 40-0, ಆಲ್ಕರಾಝ್ ಸರ್ವ್. ಗೆಲುವಿಗೆ ಮೂರು ಅವಕಾಶ. ಮೂರೂ ಹೋದವು, ಗೇಮೂ ಹೋಯಿತು. ಅದುವರೆಗೆ ಹುಡುಗನ ಪಕ್ಷದಲ್ಲಿದ್ದ ಗೆಳೆಯನ ಅಪ್ಪ ಥಟ್ಟನೆ ಜೊಕೊವಿಚ್ ಕಡೆ ಹೋದರು, ಬಿಡದೆ ಹಿಡಿದ ಮನುಷ್ಯ ಅಂತ. ಕೊನೆಗೆ ಟೈಬ್ರೇಕರ್ 7-4ರಲ್ಲಿ ಆಲ್ಕರಾಝ್ ಗೆದ್ದರು. 21 ವರ್ಷಕ್ಕೆ ನಾಲ್ಕನೇ ಗ್ರ್ಯಾಂಡ್‌ಸ್ಲಾಮ್. ಆ ಮೂರು ಪಾಯಿಂಟ್ ಕಳೆದುಕೊಂಡ ಮೇಲೂ ಅವರ ಮುಖ ಗಟ್ಟಿಯಾಗಲಿಲ್ಲ, ಕೈ ಬಿಗಿಯಾಗಲಿಲ್ಲ. ಟೈಬ್ರೇಕರ್‌ನಲ್ಲಿ ಮತ್ತೆ ಅದೇ ಧೈರ್ಯದ ಹೊಡೆತಗಳು. ನನಗೆ ಆ ಫೈನಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಅದು.

ನಾಟಿ ಕೋಳಿ ಸಾರಿನ ಊಟ ಮುಗಿಸಿ, ಸ್ವಲ್ಪ ಹೊತ್ತು ಮಲಗಿ, ಹನ್ನೆರಡೂವರೆಗೆ ಎದ್ದೆವು. ಊರಿನ ಆರೇಳು ಹುಡುಗರು ಬಂದರು. ಈ ಊರಲ್ಲಿ ಆಡುವುದು ವಾಲಿಬಾಲ್ ಮಾತ್ರ. ಆದರೆ ಇಂಗ್ಲೆಂಡ್ ಕ್ಲಬ್‌ಗಳ ಹೆಸರು ಎಲ್ಲರಿಗೂ ಗೊತ್ತು, ಹಾಗಾಗಿ ಹೆಚ್ಚಿನವರು ಇಂಗ್ಲೆಂಡ್ ಕಡೆ. ನಾನು, ಗೆಳೆಯ ಸ್ಪೇನ್ ಕಡೆ. ಅವ್ವ ಎದ್ದೇಳದ ಹಾಗೆ ಟಿವಿ ಸದ್ದು ಪೂರ್ತಿ ಕಡಿಮೆ ಮಾಡಿದ್ದೆವು. ಬರ್ಲಿನ್ ಮೈದಾನದ ಗದ್ದಲದ ಬದಲು ಕೊಟ್ಟಿಗೆಯ ಹಸುವಿನ ಗಂಟೆ ಕೇಳುತ್ತಿತ್ತು.

ಲಮೀನ್ ಯಮಾಲ್‌ಗೆ ಹಿಂದಿನ ದಿನವಷ್ಟೇ 17 ತುಂಬಿತ್ತು. ಅಲ್ಲಿ ಕೂತಿದ್ದ ಒಬ್ಬ ಹುಡುಗನಿಗೂ ಅಷ್ಟೇ ವಯಸ್ಸು, ಸೆಕೆಂಡ್ ಪಿಯುಸಿ. ಅವನು ಯಮಾಲ್ ಚೆಂಡು ಮುಟ್ಟಿದಾಗೆಲ್ಲ ಮುಂದೆ ಬಾಗಿ ನೋಡುತ್ತಿದ್ದ. ಎರಡನೇ ಅರ್ಧ ಶುರುವಾದ ಕೂಡಲೇ ಯಮಾಲ್ ಬಲಗಡೆಯಿಂದ ಒಳಗೆ ಬಂದು ಎಡಕ್ಕೆ ದಾಟಿಸಿದ, ನಿಕೊ ವಿಲಿಯಮ್ಸ್ ಗೋಲು. 73ನೇ ನಿಮಿಷಕ್ಕೆ ಬದಲಿ ಆಟಗಾರ ಪಾಮರ್ ಸಮ ಮಾಡಿದ. ಹುಡುಗರು ಬಾಯಿಗೆ ಟವಲ್ ಇಟ್ಟುಕೊಂಡು ಕೂಗಿದರು. 86ಕ್ಕೆ ಒಯಾರ್ಜಬಾಲ್, ಅವನೂ ಬದಲಿಯಾಗಿ ಬಂದವನೇ, ಸ್ಪೇನ್‌ಗೆ 2-1. ಕೊನೆಯಲ್ಲಿ ಗೋಲು ಗೆರೆಯ ಮೇಲೆ ನಿಂತಿದ್ದ ಓಲ್ಮೊ ತಲೆಯಿಂದ ಚೆಂಡು ಹೊರಹಾಕದಿದ್ದರೆ ಆಟ ಇನ್ನೂ ಅರ್ಧ ಗಂಟೆ ಮುಂದುವರಿಯುತ್ತಿತ್ತು. ಏಳಕ್ಕೆ ಏಳೂ ಪಂದ್ಯ ಗೆದ್ದು ಸ್ಪೇನ್ ನಾಲ್ಕನೇ ಸಲ ಯೂರೋ ಎತ್ತಿತು. ನಾಲ್ಕು ಸಲ ಗೆದ್ದ ದೇಶ ಬೇರೆ ಇಲ್ಲ.

ಸೋಮವಾರ

ಮೂರು ಗಂಟೆ ಹತ್ತಿರ ಮಲಗಿದವರನ್ನು ಐದೂವರೆಗೆ ಅವ್ವ ಎಬ್ಬಿಸಿದರು. ಹಸುವಿಗೆ ಫೈನಲ್ ಗೊತ್ತಿಲ್ಲವಲ್ಲ. ಕ್ಯಾನ್ ಹಿಡಿದು ಗೆಳೆಯನ ಜೊತೆ ಡೇರಿಗೆ ಹೋದೆ. ಸಾಲಿನಲ್ಲಿ ರಾತ್ರಿ ಬಂದಿದ್ದ ಹುಡುಗರೂ ಕೆಂಗಣ್ಣು ಮಾಡಿಕೊಂಡು ನಿಂತಿದ್ದರು. ಫ್ಯಾಟ್ ಎಷ್ಟು ಬಂತು ಅಂತ ಚೀಟಿ ನೋಡುವುದು, ಮೊಬೈಲ್ ತೆಗೆದು ಕೋಪಾ ಶುರುವಾಯಿತಾ ಅಂತ ನೋಡುವುದು. ಶುರುವೇ ಆಗಿರಲಿಲ್ಲ. ಮಯಾಮಿ ಮೈದಾನದ ಗೇಟಿನಲ್ಲಿ ನೂಕುನುಗ್ಗಲಾಗಿ, ನಮ್ಮ ಐದೂವರೆಗೆ ಆಗಬೇಕಾದ ಪಂದ್ಯ ಸುಮಾರು ಒಂದೂಕಾಲು ಗಂಟೆ ತಡವಾಯಿತು. ಹಾಲು ಹಾಕಿ, ತಿಂಡಿ ತಿಂದು ಮಂಡ್ಯಕ್ಕೆ ಹೊರಡಲು ನನಗೆ ಅದೇ ಅನುಕೂಲವಾಯಿತು.

ಬೇಕರಿ ಸಿಕ್ಕಿತು. ನಿನ್ನೆಯ ಹುಡುಗ ಅರ್ಜೆಂಟೀನಾ ಜರ್ಸಿ ಮೇಲೆ ಏಪ್ರನ್ ಕಟ್ಟಿಕೊಂಡು ಅಣ್ಣನ ಅಂಗಡಿಯಲ್ಲಿ ಬನ್ನು ಜೋಡಿಸುತ್ತಿದ್ದ. ಗಾಜಿನ ಕಪಾಟಿನ ಮೇಲೆ ಮೊಬೈಲ್ ಒರಗಿಸಿ ಇಟ್ಟಿದ್ದರು. ಶಾಲೆಯ ಮಕ್ಕಳಿಗೆ ಪಫ್ಸ್ ಕಟ್ಟಿಕೊಡುತ್ತಲೇ ಒಂದು ಕಣ್ಣು ಅದರ ಕಡೆ. 66ನೇ ನಿಮಿಷಕ್ಕೆ ಕಾಲು ನೋವಿನಿಂದ ಮೆಸ್ಸಿ ಹೊರಗೆ ಹೋದಾಗ ಹುಡುಗನ ಕೈ ನಿಂತೇಹೋಯಿತು. ಬೆಂಚಿನ ಮೇಲೆ ಮೆಸ್ಸಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಇಷ್ಟು ಕಪ್ ಗೆದ್ದವರು, ಗೆಲ್ಲಲು ಇನ್ನೇನೂ ಬಾಕಿ ಇಲ್ಲದವರು, ಆಡಲಾಗಲಿಲ್ಲ ಅಂತ ಹಾಗೆ ಅಳುತ್ತಾರೆ. ನನಗೂ ಗಂಟಲು ಕಟ್ಟಿತು. ದೋಸೆ ಹಿಟ್ಟು ತರಲು ಬಂದ ಹೆಂಗಸೊಬ್ಬರು "ಯಾಕಪ್ಪ, ಊರಲ್ಲಿ ಏನಾದ್ರೂ ಆಯ್ತಾ?" ಅಂತ ಹುಡುಗನನ್ನು ಕೇಳಿದರು. ಹೆಚ್ಚುವರಿ ಸಮಯದ 112ನೇ ನಿಮಿಷಕ್ಕೆ ಲೌಟಾರೊ ಮಾರ್ಟಿನೆಜ್ ಗೋಲು. ಕೊಲಂಬಿಯಾ ವಿರುದ್ಧ 1-0. ಅರ್ಜೆಂಟೀನಾಗೆ 16ನೇ ಕೋಪಾ. ಅಂಗಡಿಯಲ್ಲಿ ಇದ್ದಬದ್ದವರಿಗೆಲ್ಲ ಒಂದೊಂದು ತುಂಡು ದಿಲ್‌ಪಸಂದ್ ಬಂತು, ಆ ಹೆಂಗಸಿಗೂ.

ಮಧ್ಯಾಹ್ನ ಗೆಳೆಯ ಆಲೆಮನೆಗೆ ಕರೆದುಕೊಂಡು ಹೋದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿದಾಗ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಹಾಕುತ್ತಾರೆ. ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಕೊಟ್ಟರು. ನಿದ್ದೆಗೆಟ್ಟ ದೇಹಕ್ಕೆ ಅದಕ್ಕಿಂತ ಒಳ್ಳೆಯ ಔಷಧಿ ಬೇಡ.

ನಾಲ್ಕರ ಹೊತ್ತಿಗೆ ಬಿಸಿಲು ಬಂದಿತ್ತು. ಪಿಇಟಿ ಕೋರ್ಟ್ ಒಣಗಿತ್ತು, ಮಕ್ಕಳು ಆಡುತ್ತಿದ್ದರು. ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬುಟ್ಟಿ ತುಂಬ ಹಳೇ ಚೆಂಡು ಇಟ್ಟುಕೊಂಡು ಸರ್ವ್ ಮಾಡುತ್ತಿದ್ದಳು. ಚೆಂಡಿನ ಉಣ್ಣೆಯೆಲ್ಲ ಸವೆದು ಬೋಳಾಗಿತ್ತು. ಅವಳ ತಂದೆ ಬೇಲಿಯ ಹೊರಗೆ ಬೈಕಿನ ಮೇಲೆ ಕೂತಿದ್ದರು. ಟೆನಿಸ್ ಆಡಿದವರಲ್ಲ, ಕೆಲಸ ಮುಗಿಸಿ ದಿನಾ ಕರೆದುಕೊಂಡು ಬರುತ್ತಾರೆ. ಇಲ್ಲಿ ಟೂರ್ನಿ ಆದಾಗ ಮಗಳು ಬಾಲ್ ಹೆಕ್ಕಲು ನಿಂತಿದ್ದಳಂತೆ. "ಅವತ್ತಿಂದ ಹಿಡ್ಕೊಂಡವ್ಳೆ ಸಾರ್, ಬಿಡ್ತಾ ಇಲ್ಲ" ಅಂದರು. ರಾಕೆಟ್ಟಿಗೆ ಗಟ್ ಹಾಕಿಸಬೇಕಾದರೆ ಮೈಸೂರಿಗೆ ಹೋಗುತ್ತಾರೆ. ನಜರ್‌ಬಾದ್‌ನ ಮಾರ್ಕರ್ ಬಗ್ಗೆ ಹೇಳಿ, ಅವರನ್ನು ಕೇಳಿದರೆ ಒಳ್ಳೆಯ ಕಡೆ ತೋರಿಸಿಯಾರು ಅಂದೆ.

ಇಂಥ ಟೂರ್ನಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಫೈನಲ್‌ಗಿಂತ ಶುರುವಿನ ಕ್ವಾಲಿಫೈಯಿಂಗ್ ದಿನಗಳಲ್ಲಿ ಹೋಗಬೇಕು. ಎಲ್ಲ ಕೋರ್ಟ್‌ಗಳಲ್ಲೂ ಆಟ ಇರುತ್ತದೆ, ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಕೂರಬಹುದು. ಮುಂದಿನ ಸಲ ಮಂಡ್ಯಕ್ಕೋ ಮೈಸೂರಿಗೋ ಟೂರ್ನಿ ಬಂದರೆ ತಾರೀಕು ಗೊತ್ತಾದ ದಿನವೇ ಫೋನ್ ಮಾಡು ಅಂತ ಗೆಳೆಯನಿಗೆ ಹೇಳಿ ಬಂದಿದ್ದೇನೆ. ಜುಲೈ ಕೊನೆಯಲ್ಲಿ ಅವನ ಫೋನ್ ಬಂತು. ಟೂರ್ನಿ ಸುದ್ದಿ ಇನ್ನೂ ಇಲ್ಲ, ಕೆಆರ್‌ಎಸ್ ತುಂಬಿತು ಅಂತ ಹೇಳಲು ಮಾಡಿದ್ದ. ಅಪ್ಪ ಗದ್ದೆಗೆ ಇಳಿದಿದ್ದಾರಂತೆ, ಸಂಜೆ ಮನೆಗೆ ಬಂದರೆ ಟೆನಿಸ್ ಯಾವ ಚಾನೆಲ್‌ನಲ್ಲಿ ಅಂತ ಕೇಳುತ್ತಾರಂತೆ. ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಿತ್ತು. ಚಾನೆಲ್ ಹೆಸರು ಹೇಳಿದೆ.